ತಪ್ಪಿದ ಬಡಿತ

ಮಕ್ಕಳು ದೊಡ್ಡವರಾದ ಮೇಲೆ ನರ್ಸಿಂಗ್ ಕಲಿಯಲು ಕಾಲೇಜು ಸೇರಿದ ಅವಳಿಗೆ ಅಭ್ಯಾಸಕ್ಕೆ ಸಿಕ್ಕ ಮೊದಲ ರೋಗಿ ಗಂಡನೇ. ಲಾರಿ ಓಡಿಸಿ ದಣಿದು ಬಂದರೂ ಅಡುಗೆಮನೆಯ ಕುರ್ಚಿಯಲ್ಲಿ ಕೂತು ನಗುತ್ತ ತೋಳು ಚಾಚುತ್ತಿದ್ದ.

ಒಂದು ಸಂಜೆ ನಾಡಿ ಎಣಿಸುವಾಗ ನಡುನಡುವೆ ಬಡಿತ ತಪ್ಪಿದಂತಾಯಿತು. ಮತ್ತೆ ಹಿಡಿದು ನೋಡಿದಳು, ಹಾಗೇ ಇತ್ತು.

"ನನಗಿನ್ನೂ ಕೈ ಕೂತಿಲ್ಲ ಕಣ್ರೀ, ಲೆಕ್ಕ ತಪ್ತಾ ಇದೆ," ಎಂದು ಮುಖ ಸಣ್ಣದು ಮಾಡಿದಳು.

"ನೀನು ಕೈ ಹಿಡಿದ್ರೆ ಈ ವಯಸ್ಸಲ್ಲೂ ನನ್ನೆದೆ ಹದ್ದುಬಸ್ತಲ್ಲಿ ಇರಲ್ಲ, ನಾನೇನ್ ಮಾಡ್ಲಿ?" ಎಂದು ಅವನು ಕಣ್ಣು ಹೊಡೆದ. ಅವಳೂ ನಕ್ಕು ಎದ್ದಳು.

ಅದೇ ವಾರ ಸರಕು ಇಳಿಸುವಲ್ಲಿ ಕುಸಿದವನು ಮೇಲೇಳಲಿಲ್ಲ. ಹೃದಯ ನಿಂತುಹೋಗಿದೆ ಎಂದರು ಡಾಕ್ಟರು.

ಮಕ್ಕಳ ಒತ್ತಾಯಕ್ಕೆ ಅವಳು ಮತ್ತೆ ತರಗತಿಗೆ ಬಂದಾಗ ಟೀಚರ್ ಹೃದಯದ ಪಾಠ ಎತ್ತಿಕೊಂಡಿದ್ದರು.

"ನಾಡಿ ತಪ್ಪಿ ತಪ್ಪಿ ಬಡೀತಿದ್ರೆ ನಿಮ್ಮ ಬೆರಳನ್ನ ಅನುಮಾನಿಸ್ಬೇಡಿ. ತಕ್ಷಣ ಡಾಕ್ಟರಿಗೆ ಹೇಳಿ," ಎಂದರು.

ಎಲ್ಲರೂ ಬರೆದುಕೊಂಡರು. ಅವಳು ಪೆನ್ನು ಕೆಳಗಿಟ್ಟು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಪಕ್ಕದ ಹುಡುಗಿ ಮೆಲ್ಲಗೆ, "ಅಕ್ಕಾ, ಆಚೆ ಹೋಗೋಣ್ವಾ?" ಎಂದಳು.

"ಬೇಡಮ್ಮ, ಇದನ್ನ ನಾನು ಪೂರ್ತಿ ಕೇಳ್ಬೇಕು," ಎಂದು ಅವಳು ಕಣ್ಣನ್ನೂ ಒರೆಸಿಕೊಳ್ಳದೆ ಕೂತಳು.