ಜೂಬಾಳ ಬಟ್ಟಲು

“ಏನ್ ನೋಡ್ತಾ ನಿಂತಿದೀಯೇ? ಒಡಿಯೇ!” ಗೋರಿಗೆ ಮಣ್ಣು ಮುಚ್ಚಿದ ಮುದುಕ ಕಫಿ ಗುದ್ದಲಿಗೆ ಒರಗಿ ಗದರಿದ.

ಫೀಬಿ ತನ್ನ ಅವ್ವ ಜೂಬಾಳ ಪಿಂಗಾಣಿ ಬಟ್ಟಲನ್ನು ತಲೆಯ ಮೇಲಕ್ಕೆತ್ತಿದ್ದಳು. ಜೂಬಾ ಕೊನೆಯ ಗಂಜಿ ಕುಡಿದದ್ದು ಅದರಲ್ಲೇ. ಸತ್ತವರ ಬಟ್ಟಲನ್ನು ಗೋರಿಯ ಮೇಲೆ ಒಡೆದರೆ ಅವರ ಪಾಡು ಮಕ್ಕಳ ಬೆನ್ನು ಹತ್ತುವುದಿಲ್ಲವೆಂದು ಗುಲಾಮರ ಕೇರಿಯಲ್ಲಿ ನಂಬುತ್ತಿದ್ದರು. ಫೀಬಿಗೆ ಬೇರೆ ಯಾವ ನಂಬಿಕೆಯೂ ಉಳಿದಿರಲಿಲ್ಲ. ಬಸುರಿ ಮಗಳು ಸೂಕಿ ಪಕ್ಕದಲ್ಲೇ ನಿಂತಿದ್ದಳು. ತವರಿಗೆ ಬಂದಿದ್ದ ಚಿಕ್ಕ ದೊರೆಸಾನಿ ಪ್ರಿಸಿಲ್ಲಾ ಈ ಸಂಜೆ ದೂರದ ಕೆರೊಲಿನಾದ ಗಂಡನ ಮನೆಗೆ ಹೊರಟಿದ್ದಳು. ಅವಳೂ ಬಸುರಿ. ಸೂಕಿಯನ್ನು ಅವಳ ಜೊತೆ ಬಳುವಳಿಯಾಗಿ ಕಳಿಸುತ್ತಾರಂತೆ.

“ತಡಿಯೇ, ಫೀಬಿ!”

ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ಪ್ರಿಸಿಲ್ಲಾಳ ತಾಯಿ, ದೊಡ್ಡ ದೊರೆಸಾನಿ ಲೆಟಿಷಿಯಾ ಕಪ್ಪು ಲಂಗ ಎತ್ತಿ ಹಿಡಿದು ಓಡಿಬರುತ್ತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು.

*

ಆ ಬಟ್ಟಲು ಲೆಟಿಷಿಯಾಳ ತಾತ ಲಂಡನ್ನಿನ ಹಡಗಿನಲ್ಲಿ ತರಿಸಿದ್ದು. ಅಂಚು ಮುಕ್ಕಾದ ಮೇಲೆ ಕೇರಿಗೆ ಬಂತು. ಲೆಟಿಷಿಯಾ ಹುಟ್ಟಿದಾಗ ಜೂಬಾಳ ಎದೆಯಲ್ಲಿ ಫೀಬಿಗಾಗಿ ಹಾಲಿತ್ತು. ಹಾಲು ಲೆಟಿಷಿಯಾಗೆ ಹೋಯಿತು, ಬಟ್ಟಲಿನ ಜೋಳದ ಗಂಜಿ ಫೀಬಿಗೆ ಸಿಕ್ಕಿತು. ಪ್ರಿಸಿಲ್ಲಾ ಹುಟ್ಟಿದಾಗ ಫೀಬಿಯ ಸರದಿ ಬಂತು. ಆಗ ಹಸಿದು ಅರಚುತ್ತಿದ್ದ ಸೂಕಿಗೆ ಅಜ್ಜಿ ಜೂಬಾ ಗಂಜಿ ಕುಡಿಸುತ್ತಾ ಹೇಳಿದ್ದಳು: “ಕುಡಿಯೇ ಕೂಸೇ, ಆ ಹಾಲು ನಿಂದಲ್ಲ. ನಾನ್ ಸತ್ ದಿನ ಈ ಹಾಳು ಬಟ್ಲನ್ನ ಪುಡಿಪುಡಿ ಮಾಡ್ಬಿಡ್ರೇ. ನಿನ್ ಕೂಸಾದ್ರೂ ಅವ್ವನ ಹಾಲು ಕುಡೀಲಿ.”

*

“ನನ್ನ ಹೆತ್ತಮ್ಮನಿಗೂ ಇಷ್ಟು ಅತ್ತಿರ್ಲಿಲ್ಲ ಕಣೇ,” ಎಂದು ದೊರೆಸಾನಿ ಫೀಬಿಯ ಹೆಗಲಿಗೆ ಒರಗಿ ಬಿಕ್ಕಿದಳು. ಆ ದುಃಖದಲ್ಲಿ ಸುಳ್ಳಿರಲಿಲ್ಲ. “ಏನ್ ಬೇಕಾದ್ರೂ ಕೇಳು, ಕೊಡ್ತೀನಿ.”

ಫೀಬಿ ಬಟ್ಟಲನ್ನು ಕೆಳಗಿಳಿಸಿದಳು. “ಸೂಕೀನ ನನ್ ಹತ್ರ ಬಿಟ್ಬಿಡಿ ಅಮ್ಮಾವ್ರೇ. ಬೇರೇನೂ ಬೇಡ.”

“ಅಯ್ಯೋ ಹುಚ್ಚಿ! ಅಷ್ಟು ದೂರದಲ್ಲಿ ನನ್ನ ಮೊಮ್ಮಗೂಗೆ ಹಾಲು ಕೊಡೋರು ಯಾರೇ? ನಿಮ್ಮವ್ವ ನನ್ನ ಸಾಕಿದ್ಲು, ನೀನು ಪ್ರಿಸಿಲ್ಲಾನ ಸಾಕ್ದೆ. ಈಗ ಕಂಡೋರ ಕೈಗೆ ಮಗು ಕೊಡೋಕಾಗುತ್ತಾ? ನಾವೆಲ್ಲ ಒಂದೇ ಮನೆಯೋರಲ್ವೇನೇ?”

ಅಷ್ಟು ಹೇಳಿ ಅವಳು ಫೀಬಿಯ ಕೈಯಿಂದ ಬಟ್ಟಲನ್ನು ಮೆಲ್ಲಗೆ ಬಿಡಿಸಿಕೊಂಡಳು. ತನ್ನ ರೇಷ್ಮೆ ಕರವಸ್ತ್ರದಿಂದ ಅದರ ಮಣ್ಣು ಒರೆಸಿದಳು. “ನನ್ನ ಜೂಬಾಳ ಬಟ್ಲು ಇದು. ಒಡೀತಾರೇನೇ? ತಗೋ ಸೂಕಿ, ಅಲ್ಲೂ ನಮ್ಮ ನೆನಪಿರ್ಲಿ. ಒಡೆದೀಯಾ, ಜೋಕೆ!”

ಕಫಿ ಮುಖ ತಿರುಗಿಸಿದ.

ಸಂಜೆ ಗಾಡಿ ಹೊರಟಿತು. ಚಕ್ರ ಕಲ್ಲಿಗೆ ಬಡಿಯಲಿ, ಬಟ್ಟಲು ಉರುಳಿ ಚೂರಾಗಲಿ ಎಂದು ಫೀಬಿ ಬೇಡಿಕೊಂಡಳು. ತಿರುವಿನಲ್ಲಿ ಚಕ್ರ ಬಡಿದೇ ಬಡಿಯಿತು, ಗಾಡಿ ಜೋರಾಗಿ ಕುಲುಕಿತು.

“ಬಟ್ಲು ಹುಷಾರು!” ಎಂದು ಮುಂದಿನಿಂದ ಪ್ರಿಸಿಲ್ಲಾ ಕೂಗಿದಳು.

ಹಿಂದೆ ಕುಳಿತಿದ್ದ ಸೂಕಿ ಅದನ್ನು ಎರಡೂ ಕೈಯಿಂದ ತನ್ನ ಬಸುರು ಹೊಟ್ಟೆಗೆ ಅವಚಿ ಹಿಡಿದಳು.