ವಿಜ್ಞಾನದ ಪೇಪರಿನ ದಿನ

ತಾಯಿಯ ಮಯ್ಯತ್ತಿಗೆ ಸ್ನಾನ ಮಾಡಿಸಲು ಇಟ್ಟ ನೀರು ಕಾಯುವಷ್ಟರಲ್ಲಿ ಫಿರದೋಸ್ ಹಿತ್ತಲಲ್ಲಿ ಕೂತು ಅಣ್ಣನ ಮಗಳ ಜಡೆ ಹೆಣೆಯುತ್ತಿದ್ದಳು. ಸಮವಸ್ತ್ರ ತೊಟ್ಟಿದ್ದ ಫರೀನ್ ಅತ್ತು ಅತ್ತು ಸೋತಿದ್ದಳು. ನಸುಕಿನಲ್ಲಿ ತೀರಿಕೊಂಡ ತಾಯಿ ರಹೀಮಬಿಯ ಸುತ್ತ ಒಳಗೆ ಹೆಂಗಸರು ಸೇರಿದ್ದರು. ರಾಮದುರ್ಗದಲ್ಲಿ ಫರೀನಳ ಹತ್ತನೆಯ ತರಗತಿಯ ವಿಜ್ಞಾನದ ಪರೀಕ್ಷೆ ಇನ್ನೆರಡು ತಾಸಿಗೆ ಶುರುವಾಗಲಿತ್ತು.

ಮಣ್ಣು ಮಧ್ಯಾಹ್ನದ ನಮಾಜಿನ ನಂತರ ಎಂದು ಹಿರಿಯರು ಹೇಳಿಯಾಗಿತ್ತು. ಬಿಸಿಲು ಜೋರು, ತಡ ಮಾಡುವಂತಿಲ್ಲ. ಫರೀನ್ ಬರೆದು ವಾಪಸು ಬರುವ ಬಸ್ಸು ತಮ್ಮೂರು ಸುರೇಬಾನ ಮುಟ್ಟುವುದೂ ಅದೇ ಹೊತ್ತಿಗೆ.

ಅಪ್ಪನ ತಮ್ಮ ಮುಜಫ್ಫರ ಚಾಚಾ ಹಿತ್ತಲ ಬಾಗಿಲಲ್ಲಿ ನಿಂತರು. "ಎಲ್ಲಿಗೆ ಹೊಂಟೈತಿ ಸವಾರಿ, ಮನ್ಯಾಗ ಮಯ್ಯತ್ ಇಟಗೊಂಡು? ಈಗ ಮೂರು ಸರ್ತಿ ಪರೀಕ್ಷಾ ಇಡತಾರಂತ. ಜೂನ್‌ದಾಗ ಬರೀಲಿ."

"ಜೂನ್ ನನಗೂ ಇತ್ರಿ ಚಾಚಾ," ಎಂದಳು ಫಿರದೋಸ್.

ಹಿರಿಯರಿಗೆ ಎದುರು ಮಾತಾಡಿದವಳಲ್ಲ ಅವಳು. ಚಾಚಾ ಅವಳ ಅಣ್ಣ ಮುರ್ತುಜಾಸಾಬನ ಕಡೆ ನೋಡಿದರು. ಅವನು ನೆಲ ನೋಡಿದ.

"ಫುಫು, ನಾ ಬರೂದ್ರಾಗ ಒಯ್ದುಬಿಟ್ಟರ?" ಫರೀನ್ ಸೋದರತ್ತೆಯನ್ನು ಕೇಳಿದಳು.

"ನಿನ್ನ ದಾದಿ ಮುಖಾ ಮುಚ್ಚಾಕ ಬಿಡೂದಿಲ್ಲ ನಾ. ನೀ ಹೋಗು."

* * *

ಫಿರದೋಸ್ ಹತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡಿದ್ದ. ಮರುದಿನ ವಿಜ್ಞಾನದ ಪೇಪರು. ಬಂದ ಮಂದಿ ಏನಂದಾರು, ಜೂನಿನಲ್ಲಿ ಬರೆದರಾಯಿತು ಎಂದು ರಹೀಮಬಿ ಮಗಳನ್ನು ಮನೆಯಲ್ಲೇ ಉಳಿಸಿಕೊಂಡಳು. ಜೂನಿನೊಳಗೆ ಸವದತ್ತಿಯ ಸಂಬಂಧ ಗಟ್ಟಿಯಾಯಿತು.

ಊರೂರು ತಿರುಗಿ ಬಳೆ ಇಡಿಸಿ ಸಂಸಾರ ನಡೆಸಿದ ರಹೀಮಬಿ ಆ ಪೇಪರಿನ ಮಾತು ಮತ್ತೆ ಎತ್ತಲಿಲ್ಲ. ಹೋದ ಬಕ್ರೀದಿನಲ್ಲಿ, ಪಾಠದ ಚಿತ್ರ ತಿಳಿಯದೆ ಕೂತಿದ್ದ ಮೊಮ್ಮಗಳ ಮುಂದೆ ಆಡಿನ ಗುಂಡಿಗೆಯನ್ನು ತಾಟಿನಲ್ಲಿಟ್ಟು ಉದ್ದಕ್ಕೆ ಸೀಳಿದಳು.

"ಲಗೂನ ನೋಡು. ನಿನ್ನ ವಿಜ್ಞಾನಕ್ಕ ಹಬ್ಬದ ದಿನಾ ನಾವು ಉಪಾಸ ಇರಬೇಕನು?"

ಫರೀನ್ ಬೆರಳಿಟ್ಟು ನಾಲ್ಕೂ ಕೋಣೆ ಹುಡುಕಿದಳು. ಒಂದರ ಗೋಡೆ ಮಾತ್ರ ಅಷ್ಟು ದಪ್ಪ ಏಕೆಂದು ತಡವರಿಸಿದಳು. ಮೈಗೆಲ್ಲ ರಕ್ತ ದೂಡುವುದು ಅದೇ ಎಂದು ಹಬ್ಬಕ್ಕೆ ತವರಿಗೆ ಬಂದಿದ್ದ ಫಿರದೋಸ್ ಹೇಳಿಬಿಟ್ಟಳು.

ರಹೀಮಬಿಯ ಚಾಕು ನಿಂತಿತು. "ನಿನಗಿನ್ನೂ ನೆನಪೈತಿ," ಎಂದಳು.

ಮಗಳು ಸಾರಿನ ಒಲೆಯತ್ತ ಎದ್ದು ಹೋದಳು.

* * *

ಮಯ್ಯತ್ತಿಗೆ ಕಫನಿನ ಬಿಳಿ ಬಟ್ಟೆ ತೊಡಿಸಿದರು. ತಲೆಯ ಕಡೆಯ ಗಂಟು ಹಾಕಗೊಡದೆ ಫಿರದೋಸ್ ಬಟ್ಟೆಯ ತುದಿ ಹಿಡಿದು ಕೂತಳು. ನೆರೆಮನೆಯ ಕೃಷ್ಣವ್ವ ಚಹಾ ತಂದು, ಬಸ್ಸು ಇನ್ನೇನು ಬಂದೀತು ಎಂದಳು. ಗಂಡಸರು ಮಸೀದಿಯಿಂದ ಬಂದು ಹೊರಗೆ ನಿಂತು ಮತ್ತೆ ಮತ್ತೆ ಕೂಗಿದರು. ಕೊನೆಗೆ ಒಬ್ಬ ಮುದುಕಿ ಅವಳ ಬೆರಳು ಬಿಡಿಸಿ ಗಂಟು ಬಿಗಿದಳು.

ಮಯ್ಯತ್ ಹೊತ್ತ ಜನಾಜಾ ರಸ್ತೆಗಿಳಿಯಿತು. ಹೆಂಗಸರು ಅದರ ಹಿಂದೆ ಹೋಗುವ ಪದ್ಧತಿಯಿಲ್ಲ, ಹೊಸ್ತಿಲಲ್ಲೇ ಉಳಿದರು. ಅಷ್ಟರಲ್ಲಿ ರಾಮದುರ್ಗದ ಬಸ್ಸು ಎದುರಿನಿಂದ ಬಂದು, ಜನಾಜಾ ಕಂಡು ನಿಂತಿತು. ಫರೀನ್ ಕೆಳಗಿಳಿದು ಬಸ್ಸಿನ ಪಕ್ಕದಲ್ಲೇ ನಿಂತುಬಿಟ್ಟಳು.

ಫಿರದೋಸ್ ಹೊಸ್ತಿಲು ದಾಟಿದಳು. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಗಂಡಸರ ಎದುರಿಗೆ ಹೋದಳು.

"ಇಳಸ್ರಿ," ಎಂದಳು. ದನಿ ಏರಲಿಲ್ಲ. "ಭಾಯಿ, ಹುಡಿಗಿಗೆ ಮಾತು ಕೊಟ್ಟೇನಿ ನಾ."

ಚಾಚಾ ಏನೋ ಹೇಳಹೋದರು. ಅಷ್ಟರಲ್ಲಿ ಮುರ್ತುಜಾಸಾಬ ಹೆಗಲು ತಗ್ಗಿಸಿದ್ದ. ಹೊತ್ತ ಉಳಿದವರೂ ತಗ್ಗಿಸಲೇಬೇಕಾಯಿತು. ಅವನು ಮೊಣಕಾಲೂರಿ ಗಂಟಿಗೆ ಕೈ ಹಾಕಿದ.

ಸತ್ತ ಹೆಂಗಸಿನ ಮುಖ ಪರಗಂಡಸರು ನೋಡಬಾರದು. ಮೊದಲು ತಿರುಗಿದವರು ಚಾಚಾ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬೆನ್ನು ಮಾಡಿ, ಕೊಯ್ಲು ಮುಗಿದ ಹೊಲಗಳ ಕಡೆ ನೋಡುತ್ತ ಬಿಸಿಲಲ್ಲಿ ನಿಂತರು. ಡ್ರೈವರ್ ಎಂಜಿನ್ ಬಂದ್ ಮಾಡಿ ತಲೆ ತಗ್ಗಿಸಿದ. ಬೆನ್ನುಗಳ ಆ ಬೇಲಿಯೊಳಗೆ ಹುಡುಗಿ, ಹೆಗಲ ಚೀಲ ಇಳಿಸದೆಯೇ, ಬಾಗಿದಳು.