ಪಟದ ಬಣ್ಣ

ನಮ್ಮ ಮನೆಯ ಗೋಡೆಯ ಮೇಲೆ ಎರಡು ವರ್ಷ ಹಾರ ಹಾಕಿಸಿಕೊಂಡು ನಗುತ್ತಿದ್ದ ಬೆಳ್ಳನೆಯ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ಅಕ್ಕ ಆಶಾರಾಣಿ ಅಂತೂ ಅಲ್ಲ. ಅಕ್ಕ ನನ್ನ ಹಾಗೆಯೇ ಕಪ್ಪು. ಗಂಡಿನ ಕಡೆಯವರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ತೆಗೆಸಿ ಬೆಳ್ಳಗೆ ಮಾಡಿಸಿದ ಫೋಟೊ ಅದು. ಕಪ್ಪಗೆ ಕಾಣುತ್ತೇನೆಂದು ಉಳಿದ ಫೋಟೊಗಳನ್ನೆಲ್ಲ ಅವಳೇ ಅಳಿಸಿಹಾಕಿದ್ದಳು. ಡೆಂಗಿ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಾಗ ಕಟ್ಟು ಹಾಕಿಸಲು ಸಿಕ್ಕಿದ್ದು ಅದೊಂದೇ. ಅವಳ ನಿಜವಾದ ಮುಖ ನನಗೇ ಮರೆಯತೊಡಗಿತ್ತು.

ಭಯವಾಗಿ, ಆ ಫೋಟೊ ತೆಗೆದಿದ್ದ ಆರ್.ಟಿ. ನಗರದ ಸ್ಟುಡಿಯೋದ ವಾಜಿದ್ ಅವರ ಬಳಿ ಹೋದೆ.

"ಒರಿಜಿನಲ್ ಇಲ್ಲಮ್ಮಾ. ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ ಅಂತ ನಿಮ್ಮಮ್ಮಾನೇ ಪಕ್ಕದಲ್ಲಿ ನಿಂತು ಮಾಡಿಸಿದ್ರು," ಎಂದರು. ನನಗೆ ಮೈಯೆಲ್ಲ ಉರಿಯಿತು.

ನಾನು ಕಲಾವಿದೆ. ಆ ಉರಿಯಲ್ಲೇ ಸಂಜಯನಗರದ ಒಂದು ಗ್ಯಾಲರಿಯಲ್ಲಿ ಪ್ರದರ್ಶನ ಮಾಡಿದೆ. ಪಟ ತೂಗುಹಾಕಿ, ಅದರಲ್ಲಿರುವ ಹಸಿರು ಸೀರೆಯನ್ನೇ ಉಟ್ಟು ಕೆಳಗೆ ಕುಳಿತೆ. ಪಕ್ಕದಲ್ಲಿ ಪೌಡರ್ ಡಬ್ಬಿ, ಒಂದು ಫಲಕ: 'ಪಟದ ಬಣ್ಣ ಬರುವವರೆಗೂ ನನಗೆ ಹಚ್ಚಿ. ನಾನು ಮಾತಾಡುವುದಿಲ್ಲ.'

ಜನರ ಮುಜುಗರ ಅರ್ಧ ಗಂಟೆಯೂ ಬಾಳಲಿಲ್ಲ. "ಕತ್ತಿಗೂ ಹಚ್ರೀ, ಇಲ್ಲಾಂದ್ರೆ ಗೊತ್ತಾಗ್ಬಿಡುತ್ತೆ," ಎಂದು ಒಬ್ಬಾಕೆ ಗಂಡನಿಗೆ ಹೇಳಿಕೊಟ್ಟಳು. ಎಂಥ ಅಕ್ಕರೆ.

ಸಂಜೆ ಅಮ್ಮ ಬಂದಳು. ನಾನೇ ಕರೆದಿದ್ದೆ, ಎಲ್ಲರೆದುರು ಅವಳಿಗೆ ನಾಚಿಕೆಯಾಗಲಿ ಎಂಬ ಕೆಟ್ಟ ಆಸೆ. ಅವಳು ಪಟ ನೋಡಿದಳು, ನನ್ನನ್ನು ನೋಡಿದಳು. ಡಬ್ಬಿ ಮುಟ್ಟಲಿಲ್ಲ. ಬಾಟಲಿಯ ನೀರಲ್ಲಿ ಸೆರಗು ಒದ್ದೆ ಮಾಡಿಕೊಂಡು ನನ್ನ ಹಣೆ, ಕೆನ್ನೆ, ಕತ್ತು ಒರೆಸಿದಳು. ಪೂರ್ತಿ ಒರೆಸಿದ ಮೇಲೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಆಶಾ, ಎಲ್ಲಿಗ್ ಹೋಗಿದ್ಯೇ ಇಷ್ಟ್ ದಿನ?"

'ನಾನು ಆಶಾ ಅಲ್ಲ, ಸರಳಾ' ಎನ್ನಬೇಕಿತ್ತು. ಮಾತಾಡುವುದಿಲ್ಲವೆಂದು ಬರೆದಿದ್ದು ನೆಪವಾಯಿತು. ನಿಜ ಹೇಳಬೇಕೆಂದರೆ, ಅಕ್ಕ ಬಂದಿದ್ದರೆ ಇರಲಿ ಎನಿಸಿತ್ತು.

ಮೆಟ್ರೊದಲ್ಲಿ ಅಮ್ಮ ನನ್ನನ್ನು ಸರಳಾ ಎಂದೇ ಕರೆದಳು. ನನಗೆ ಜೀವ ಬಂದಂತಾಯಿತು. ನಾಗಸಂದ್ರದಲ್ಲಿ ಇಳಿದ ಮೇಲೆ ಮೆಲ್ಲಗೆ ಕೇಳಿದಳು.

"ನಿಂದೊಂದ್ ಫೋಟೊ ಕೊಡೇ ಸರಳಾ. ಪೌಡರ್ ಇಲ್ದೇ ಇರೋದು. ಗೋಡೆಗೆ ಹಾಕೋಕೆ. ನಿನ್ ಮುಖ ಅವಳ್ದೇ ಕಣೇ."

ಬದುಕಿರುವವರ ಪಟಕ್ಕೆ ಹಾರ ಹಾಕಬಾರದೆಂದು ನಮಗೆ ಕಲಿಸಿದವಳೇ ಅವಳು. ನನಗೂ ಅದು ನೆನಪಿತ್ತು. ಆದರೂ ಕೊಟ್ಟೆ.

ಈಗ ಗೋಡೆಯ ಮೇಲೆ ಅಕ್ಕ ತನ್ನದೇ ಬಣ್ಣದಲ್ಲಿದ್ದಾಳೆ. ದಿನಾ ಬೆಳಿಗ್ಗೆ ಅಮ್ಮ ಹಾರ ಬದಲಿಸುತ್ತಾಳೆ. ಕೆಳಗೆ ಕೂತು ಕಾಫಿ ಕುಡಿಯುವ ನನ್ನ ಕತ್ತಿಗೆ ಒದ್ದೆ ಹೂವು ತಣ್ಣಗೆ ತಾಗುತ್ತದೆ.